ಹೊಳೆಯನ್ನು ಒತ್ತುವರಿ ಮಾಡಿದವರು ಯಾರು?

‘ಒತ್ತುವರಿ’ ಎಂಬ ಪದ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮ ಕಣ್ಣೆದುರು ಹೆಚ್ಚಾಗಿ ಒಂದೇ ಚಿತ್ರ ಮೂಡುತ್ತದೆ: ಕಾಲುವೆಯ ಅಂಚಿನ ತಗಡಿನ ಶೀಟು, ಹೊಳೆದಂಡೆಯ ಗುಡಿಸಲು, ಅದರೆದುರು ಬಂದು ನಿಂತ ಜೆಸಿಬಿ. ಒತ್ತುವವರು ಬಡವರು, ತೆರವು ಮಾಡುವುದು ಸರ್ಕಾರ. ಈ ವ್ಯಾಕರಣ ನಮ್ಮೊಳಗೆ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ವಾಕ್ಯದ ಕರ್ತೃವನ್ನು ಬದಲಿಸಿ ನೋಡಬಹುದೆಂದು ನಮಗೆ ಹೊಳೆಯುವುದೇ ಇಲ್ಲ. ಹಾಗೆ ಬದಲಿಸಿ ನೋಡಲೇಬೇಕಾದ ಊರು ಅಹಮದಾಬಾದ್, ಹೊಳೆ ಸಾಬರಮತಿ.

ಸಾಬರಮತಿಯ ದಂಡೆಯನ್ನು ಹೊಸದಾಗಿ ಕಟ್ಟಬೇಕೆಂಬ ಯೋಚನೆ 1960ರ ದಶಕದ್ದು. ಆಗ ಅಲ್ಲಿ ನೆಲೆಸಿದ್ದ ಫ್ರೆಂಚ್ ವಾಸ್ತುಶಿಲ್ಪಿ ಬರ್ನಾರ್ಡ್ ಕೋನ್ ಅದಕ್ಕೆ ಮೊದಲ ರೂಪ ಕೊಟ್ಟವರು. 1997ರಲ್ಲಿ ಮಹಾನಗರಪಾಲಿಕೆ ಇದಕ್ಕೆಂದೇ ಒಂದು ಕಂಪನಿಯನ್ನು ಸ್ಥಾಪಿಸಿತು. ವಾಸ್ತುಶಿಲ್ಪಿ ಬಿಮಲ್ ಪಟೇಲ್ ಅವರ ತಂಡ ನಕ್ಷೆ ಬರೆಯಿತು. 2005ರಲ್ಲಿ ಕಾಮಗಾರಿ ಶುರುವಾಗಿ 2012ರಲ್ಲಿ ಕಾಲುದಾರಿಯ ಮೊದಲ ಭಾಗ ಜನರಿಗೆ ತೆರೆಯಿತು. ಎರಡೂ ದಂಡೆಗಳ ಮೇಲೆ ತಲಾ ಸುಮಾರು 11 ಕಿ.ಮೀ. ಉದ್ದದ ಕಾಂಕ್ರೀಟ್ ಗೋಡೆ ಎದ್ದಿತು. ಸರಾಸರಿ 382 ಮೀಟರ್ ಅಗಲವಿದ್ದ ಪಾತ್ರವನ್ನು ಉದ್ದಕ್ಕೂ 263 ಮೀಟರಿಗೆ ಇಳಿಸಲಾಯಿತು. ಹೀಗೆ ಸಿಕ್ಕ ನೆಲ ಸುಮಾರು 200 ಹೆಕ್ಟೇರ್, ಅಂದರೆ ಹತ್ತಿರಹತ್ತಿರ 500 ಎಕರೆ.

ಇದಕ್ಕೆ ಯೋಜನೆಯ ಭಾಷೆಯಲ್ಲಿ ‘ರಿಕ್ಲಮೇಶನ್’ ಎಂದು ಹೆಸರು. ಮರಳಿ ಪಡೆಯುವುದು ಎಂದು ಅರ್ಥ. ಹೊಳೆ ಯಾರಿಂದ ಏನನ್ನು ಕಿತ್ತುಕೊಂಡಿತ್ತು? ಗುಡಿಸಲಿನವನು ಹತ್ತಡಿ ಮುಂದೆ ಬಂದರೆ ಅದು ಒತ್ತುವರಿ. ಪಾಲಿಕೆಯ ಕಂಪನಿ ನೂರಕ್ಕೂ ಹೆಚ್ಚು ಮೀಟರ್ ಮುಂದೆ ಬಂದರೆ ಅದು ಅಭಿವೃದ್ಧಿ. ಸಾಬರಮತಿಯ ಅತಿದೊಡ್ಡ ಒತ್ತುವರಿದಾರ ಯಾರು ಎಂಬ ಪ್ರಶ್ನೆಗೆ ಅಳತೆಟೇಪು ಕೊಡುವ ಉತ್ತರ ಒಂದೇ.

ಇನ್ನೊಂದು ಪದ ‘ಮಿಶ್ರ ಬಳಕೆ’. ವಾಸ, ವ್ಯಾಪಾರ, ಕಚೇರಿ, ಉದ್ಯಾನ ಎಲ್ಲವೂ ಒಂದೇ ಪ್ರದೇಶದಲ್ಲಿರಬೇಕು, ಆಗ ಜಾಗಕ್ಕೆ ಜೀವ ಬರುತ್ತದೆ ಎಂಬುದು ಇಂದಿನ ನಗರ ಯೋಜಕರ ಪ್ರಿಯವಾದ ಮಾತು. ಒಳ್ಳೆಯ ಮಾತೇ. ಆದರೆ ಗೋಡೆ ಏಳುವ ಮುಂಚೆ ಆ ದಂಡೆಯಲ್ಲಿ ಏನಿತ್ತು? ಸಾವಿರಾರು ಮನೆಗಳಿದ್ದವು. ಬೇಸಿಗೆಯ ಒಣ ಪಾತ್ರದಲ್ಲಿ ತರಕಾರಿ ಬೆಳೆಯುವವರಿದ್ದರು. ಎಲ್ಲಿಸ್ ಸೇತುವೆಯ ಬಳಿ ಭಾನುವಾರದ ಗುಜರಿ ಬಜಾರ್ ನೆರೆಯುತ್ತಿತ್ತು. ಅಗಸರು ಬಟ್ಟೆ ಒಗೆಯುತ್ತಿದ್ದರು. ದೇವಿಯ ಚಿತ್ರವಿರುವ ‘ಮಾತಾ ನಿ ಪಛೇಡಿ’ ಬಟ್ಟೆಗಳನ್ನು ಮಾಡುವ ಕಲಾವಿದರು ಬಣ್ಣ ತೊಳೆಯಲು ಹರಿಯುವ ನೀರಿಗೆ ಇಳಿಯುತ್ತಿದ್ದರು. ಅಹಮದಾಬಾದಿನಲ್ಲಿ 1966ರಲ್ಲಿ ಹೆಂಗಸರು ಉದ್ದುದ್ದ ಸೀರೆಗಳನ್ನು ಬಿಸಿಲಿಗೆ ಹರವುತ್ತಿರುವುದನ್ನು ಕಾರ್ಟಿಯೇ-ಬ್ರೆಸನ್ ತೆಗೆದ ಚಿತ್ರವನ್ನು ಲೋಕವೆಲ್ಲ ಮೆಚ್ಚಿತು. ಮಿಶ್ರ ಬಳಕೆ ಎಂದರೆ ಇದಲ್ಲವೇ? ಯೋಜನೆ ಬಂದು ಈ ಬೆರಕೆಯನ್ನು ಬಿಡಿಸಿತು. ನಡೆಯಲು ಒಂದು ಕಡೆ, ಹೂ ನೋಡಲು ಒಂದು ಕಡೆ, ಕೊಳ್ಳಲು ಒಂದು ಕಡೆ. ಅಲ್ಲಿಯೇ ಬದುಕುತ್ತಿದ್ದವರಿಗೆ ಊರಾಚೆ ಇನ್ನೊಂದು ಕಡೆ.

ಇದಕ್ಕೆ ಎದುರಾಗಿ ಬರುವ ವಾದವನ್ನು ತಳ್ಳಿಹಾಕುವಂತಿಲ್ಲ. ದಂಡೆಯ ಬದುಕು ಸುಖದ್ದಾಗಿರಲಿಲ್ಲ. ಮಳೆಗಾಲದಲ್ಲಿ ನೀರು ಮನೆಯೊಳಗೆ ನುಗ್ಗುತ್ತಿತ್ತು. ಊರಿನ ಚರಂಡಿಗಳು ನೇರ ಹೊಳೆಗೇ ಬೀಳುತ್ತಿದ್ದವು. ಯೋಜನೆ ಅವುಗಳನ್ನು ತಡೆದು ಕೊಳವೆಗೆ ತಿರುಗಿಸಿತು. 10 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಪಕ್ಕಾ ಮನೆ ಕೊಟ್ಟಿದ್ದೇವೆ ಎನ್ನುತ್ತದೆ ಪಾಲಿಕೆ. ಕೊಳೆಗೇರಿಯನ್ನು ಕವಿತೆಯಾಗಿಸಿ ಅಲ್ಲಿನವರು ಅಲ್ಲೇ ಕೊಳೆಯಲಿ ಎನ್ನುವ ಸಂಶೋಧಕರ ಜಾಣತನ ನನಗೂ ಬೇಡ.

ಆದರೆ ಆ ಮನೆಗಳು ಬಂದ ಬಗೆಯನ್ನು ನೋಡಿ. ಗೋಡೆಯ ನಕ್ಷೆಯಲ್ಲಿ ಮೀಟರಿನ ಲೆಕ್ಕ ಖಚಿತವಾಗಿತ್ತು. ಜನ ಎಲ್ಲಿಗೆ ಹೋಗಬೇಕೆಂಬುದು ಖಚಿತವಾಗಿರಲಿಲ್ಲ. ದಂಡೆಯ ನಿವಾಸಿಗಳು ‘ಸಾಬರಮತಿ ನಾಗರಿಕ್ ಅಧಿಕಾರ್ ಮಂಚ್’ ಕಟ್ಟಿಕೊಂಡು 2005ರಲ್ಲಿ ಗುಜರಾತ್ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮನೆ ಸಿಗದೆ ಎತ್ತಂಗಡಿಯಾದ ಎಷ್ಟೋ ಕುಟುಂಬಗಳು ಊರಿನ ದಕ್ಷಿಣದ ಅಂಚಿನಲ್ಲಿ, ಕಸದ ಬೆಟ್ಟವಿರುವ ಪಿರಾನಾದ ಆಸುಪಾಸಿನಲ್ಲಿ, ಬಯಲಲ್ಲಿ ದಿನ ತಳ್ಳಿದವು. ಮನೆ ಸಿಕ್ಕವರಿಗೆ ಅದು ಚೀಟಿ ಎತ್ತಿದ ಹಾಗೆ ಸಿಕ್ಕಿತು. ಹಲವರಿಗೆ ವಟ್ವಾದಂಥ ದೂರದ ಬಡಾವಣೆಗಳಲ್ಲಿ. ನಡೆದುಕೊಂಡು ಹೋಗಿ ಮನೆಗೆಲಸ ಮಾಡಿ ಬರುತ್ತಿದ್ದ ಹೆಂಗಸಿಗೆ ಬಸ್ಸಿನ ಖರ್ಚು ಸಂಬಳದ ಪಾಲಾಯಿತು. ಸಾಲ ಕೊಡುತ್ತಿದ್ದ ಅಂಗಡಿಯವನು, ಮಗು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯವಳು ಬೇರೆ ದಿಕ್ಕಿಗೆ ಹೋದರು. ಸಿಮೆಂಟಿನ ಚಾವಣಿ ಸಿಕ್ಕಿತು ನಿಜ. ಆದರೆ ಆ ಚಾವಣಿಯ ಕೆಳಗೆ ಒಲೆ ಉರಿಸುತ್ತಿದ್ದ ಕೆಲಸ ದಂಡೆಯಲ್ಲೇ ಉಳಿಯಿತು.

ಅದೇ 500 ಎಕರೆಯಲ್ಲಿ ಇವರಿಗೆ ಜಾಗ ಯಾಕಿರಲಿಲ್ಲ? ಉತ್ತರ ಹಣಕಾಸಿನ ಲೆಕ್ಕದಲ್ಲಿದೆ. ಹೊಸ ನೆಲದ ಒಂದು ಭಾಗವನ್ನು ಮಾರಿ ಯೋಜನೆಯ ಖರ್ಚು ತೆಗೆಯಬೇಕೆಂಬುದು ಅದರ ಮೂಲ ಸೂತ್ರ. ಮಾರುವುದು ಸುಮಾರು 14 ಪ್ರತಿಶತ ಮಾತ್ರ, ಉಳಿದದ್ದೆಲ್ಲ ರಸ್ತೆ, ಉದ್ಯಾನ, ಸಾರ್ವಜನಿಕ ಜಾಗ ಎಂದು ಸಮರ್ಥಕರು ಹೇಳುತ್ತಾರೆ. ಸರಿ. ಆದರೆ ಆ 14 ಪ್ರತಿಶತಕ್ಕೆ ಒಳ್ಳೆಯ ಬೆಲೆ ಬರಬೇಕಾದರೆ ಕಿಟಕಿಯಿಂದ ಕಾಣುವ ನೋಟ ಚೆನ್ನಾಗಿರಬೇಕು. ಆ ನೋಟದಲ್ಲಿ ಒಣಹಾಕಿದ ಸೀರೆ, ಆಡು, ಕೈಗಾಡಿ ಇರಬಾರದು. ಹೀಗೆ ಮಾರಾಟದ ಸಣ್ಣ ತುಂಡು ಮಾರದೆ ಉಳಿದ ದೊಡ್ಡ ನೆಲವನ್ನೂ ಆಳುತ್ತದೆ.

ಹೊಳೆಗಾದರೂ ಒಳ್ಳೆಯದಾಯಿತೇ? ಊರೊಳಗೆ ಈಗ ತುಂಬಿ ನಿಂತಿರುವುದು ಬಹುಪಾಲು ನರ್ಮದೆಯ ನೀರು. ಊರಿನ ಮೇಲ್ಭಾಗದಲ್ಲಿ ಕಾಲುವೆಯಿಂದ ಬಿಟ್ಟು, ಕೆಳಗೆ ವಾಸಣಾ ಬ್ಯಾರೇಜಿನಲ್ಲಿ ತಡೆದು ನಿಲ್ಲಿಸಿದ ನೀರು ಅದು. ಬ್ಯಾರೇಜು ದಾಟಿದರೆ ಇನ್ನೊಂದು ಸಾಬರಮತಿ: ಕೊಳಚೆ ಮತ್ತು ಕಾರ್ಖಾನೆಗಳ ಬಣ್ಣದ ನೀರು. 2021ರಲ್ಲಿ ಈ ಮಾಲಿನ್ಯದ ವಿಷಯವನ್ನು ಹೈಕೋರ್ಟ್ ತಾನೇ ಮುಂದಾಗಿ ಕೈಗೆತ್ತಿಕೊಳ್ಳಬೇಕಾಯಿತು. ಸಾಬರಮತಿಯ ಈ ನಡುವಿನ ತುಂಡಿಗೆ ಹೊಳೆ ಎನ್ನುವುದಕ್ಕಿಂತ ಉದ್ದನೆಯ ತೊಟ್ಟಿ ಎನ್ನುವುದೇ ಸರಿ.

ಬೇರೆ ದಾರಿ ಇರಲಿಲ್ಲ ಎನ್ನುವವರು ಗುಜರಿ ಬಜಾರಿನ ಕಥೆ ಕೇಳಬೇಕು. ಶತಮಾನಗಳ ಹಿಂದಿನದೆಂದು ಹೇಳಲಾಗುವ ಈ ಸಂತೆಗೆ ಮೊದಲ ನಕ್ಷೆಯಲ್ಲಿ ಜಾಗವಿರಲಿಲ್ಲ. ವ್ಯಾಪಾರಿಗಳ ಸಂಘ ಕೋರ್ಟಿಗೆ ಹೋಯಿತು. ಊರಿನ ಅಧ್ಯಾಪಕರು, ವಿದ್ಯಾರ್ಥಿಗಳು ಜೊತೆಗೆ ನಿಂತು ಸಂತೆಯನ್ನು ಅಳೆದು ಪರ್ಯಾಯ ನಕ್ಷೆ ಮಾಡಿದರು. 2014ರಲ್ಲಿ ಸಂತೆ ದಂಡೆಯಲ್ಲೇ ಹೊಸ ಕಟ್ಟೆಗಳ ಮೇಲೆ ತೆರೆಯಿತು. ಎಲ್ಲರಿಗೂ ನ್ಯಾಯ ಸಿಕ್ಕಿತೆಂದಲ್ಲ. ಆದರೂ ಜನ ಹಟ ಹಿಡಿದರೆ ಗೋಡೆಯ ಪಕ್ಕದಲ್ಲೂ ಜಾಗವಿರುತ್ತದೆ ಎಂಬುದಂತೂ ಸಾಬೀತಾಯಿತು. ಸಂತೆಗೆ ಸಾಧ್ಯವಾದದ್ದು ಮನೆಗಳಿಗೆ ಯಾಕೆ ಸಾಧ್ಯವಿರಲಿಲ್ಲ?

ಇದು ಗುಜರಾತಿನ ಸುದ್ದಿ ಎಂದು ಮಗುಚಿಡುವಂತಿಲ್ಲ. ಸಾಬರಮತಿ ಈಗ ದೇಶಕ್ಕೆಲ್ಲ ಮಾದರಿ. ನಮ್ಮಲ್ಲೂ ಸ್ಮಾರ್ಟ್ ಸಿಟಿ ಹಣದಲ್ಲಿ ಶಿವಮೊಗ್ಗದ ತುಂಗೆಯ ದಂಡೆ, ಮಂಗಳೂರಿನ ನೇತ್ರಾವತಿಯ ದಂಡೆ ಸಿಂಗಾರಗೊಂಡಿವೆ. ಇವೆಲ್ಲ ಸಾಬರಮತಿಯಷ್ಟು ದೊಡ್ಡವಲ್ಲ, ಎಲ್ಲದರ ಕಥೆಯೂ ಒಂದೇ ಅಲ್ಲ. ಕೇಳಬೇಕಾದ ಪ್ರಶ್ನೆಗಳು ಮಾತ್ರ ಅವೇ: ಗೋಡೆಗಿಂತ ಮೊದಲು ಮನೆ ಕಟ್ಟುತ್ತೀರಾ? ಕಟ್ಟಿದರೆ ಅದೇ ದಂಡೆಯಲ್ಲಿ, ನಡೆದು ಕೆಲಸಕ್ಕೆ ಹೋಗುವಷ್ಟು ದೂರದಲ್ಲಿ ಕಟ್ಟುತ್ತೀರಾ? ಹೊಳೆಯಿಂದ ತೆಗೆದ ನೆಲ ಎಷ್ಟು, ಮಾರಿದ್ದೆಷ್ಟು, ಯಾರಿಗೆ ಎಂಬ ಲೆಕ್ಕವನ್ನು ಬಹಿರಂಗವಾಗಿ ಇಡುತ್ತೀರಾ?

ಇದನ್ನು ಸಾಹಿತ್ಯದ ಓದುಗರ ಮುಂದೆ ಇಡಲು ಕಾರಣವಿದೆ. ಎತ್ತಂಗಡಿ ಜೆಸಿಬಿಗಿಂತ ಮುಂಚೆ ಭಾಷೆಯಲ್ಲಿ ನಡೆಯುತ್ತದೆ. ಮನೆಯನ್ನು ‘ಒತ್ತುವರಿ’ ಎಂದ ಮೇಲೆ ಕೆಡವುವುದು ಸುಲಭ. ಹೊಳೆಯನ್ನು ‘ರಿವರ್‌ಫ್ರಂಟ್’ ಎಂದ ಮೇಲೆ ಮಾರುವುದು ಸುಲಭ. ಪದಗಳನ್ನೇ ಕಸುಬು ಮಾಡಿಕೊಂಡ ನಾವು ಇವನ್ನು ಪತ್ರಿಕೆಯಿಂದ ಎತ್ತಿ ಹಾಗೆಯೇ ಬಳಸುತ್ತಾ ಹೋದರೆ, ಆ ಕೆಡವುವ ಕೆಲಸದಲ್ಲಿ ನಮ್ಮ ಕೈಯೂ ಇರುತ್ತದೆ. ಮುಂದಿನ ಸಲ ‘ಒತ್ತುವರಿ ತೆರವು’ ಎಂಬ ತಲೆಬರಹ ಕಂಡಾಗ ಒತ್ತಿದವರು ಯಾರು, ಎಷ್ಟು ಮೀಟರ್ ಎಂದು ಕೇಳೋಣ.