ಕೋಕೋಪೀಟ್‌ನಲ್ಲಿ ಮೊಳೆತ ಸಸಿ ಮುಂದೆ ಏಕೆ ಬೆಳೆಯುವುದಿಲ್ಲ?

ಬೆಂಗಳೂರಿನ ಉಲ್ಲಾಳ, ಕೆಂಗೇರಿ, ನಾಗರಭಾವಿ ಕಡೆಯ ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಎದ್ದ ಮೇಲೆ ಗಿಡಕ್ಕೆಂದು ಉಳಿಯುವ ನೆಲ ಬಹಳ ಕಡಿಮೆ. ತರಕಾರಿ ಬೆಳೆಯುವ ಆಸೆ ಇದ್ದವರು ತಾರಸಿ ಹತ್ತಲೇಬೇಕು. ಮಣ್ಣಿನ ಚೀಲವನ್ನು ಮೂರನೇ ಮಹಡಿಗೆ ಹೊರುವುದು ಕಷ್ಟ, ತಾರಸಿಗೂ ಅದು ಹೊರೆ. ಹೀಗಾಗಿ ನರ್ಸರಿಗಳಲ್ಲಿ ಇಟ್ಟಿಗೆಯ ಆಕಾರದಲ್ಲಿ ಸಿಗುವ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹೊಸಬರ ಮೊದಲ ಆಯ್ಕೆಯಾಗಿದೆ. ಟೊಮೆಟೊ, ಬದನೆ, ಮೆಣಸಿನ ಬೀಜ ಅದರಲ್ಲಿ ಚೆನ್ನಾಗಿಯೇ ಮೊಳೆಯುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಎರಡೆಲೆ ಬಿಟ್ಟ ಸಸಿ ಹದಿನೈದು ದಿನವಾದರೂ ಅಷ್ಟೇ ಎತ್ತರಕ್ಕೆ ನಿಂತಿರುತ್ತದೆ, ಎಲೆ ಹಳದಿಯಾಗುತ್ತದೆ. ನೀರು ಸಾಲದೇನೋ ಎಂದು ಇನ್ನಷ್ಟು ನೀರು ಹಾಕುತ್ತಾರೆ, ಗೊಬ್ಬರ ಸಾಲದೇನೋ ಎಂದು ಗೊಬ್ಬರ ಹಾಕುತ್ತಾರೆ. ಒಂದು ಬೆಳಿಗ್ಗೆ ನೋಡಿದರೆ ಸಸಿಗಳು ಬುಡದಲ್ಲೇ ಮುರಿದು ಮಲಗಿರುತ್ತವೆ.

ಇದರಲ್ಲಿ ಬೀಜದ ದೋಷ ಇರುವುದು ಅಪರೂಪ. ಕೋಕೋಪೀಟನ್ನು ನಾವು ಮಣ್ಣೆಂದು ತಿಳಿದು ನಡೆಸಿಕೊಳ್ಳುತ್ತೇವೆ, ಆದರೆ ಅದು ಮಣ್ಣಲ್ಲ. ಅದರ ಸ್ವಭಾವ ತಿಳಿಯಬೇಕಾದರೆ ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು.

ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೊಬ್ಬರಿಗೆಂದು ಸುಲಿದ ಕಾಯಿಯ ಮಟ್ಟೆ ನಾರಿನ ಕಾರ್ಖಾನೆಗೆ ಹೋಗುತ್ತದೆ. ಯಂತ್ರ ಮಟ್ಟೆಯನ್ನು ಬಡಿದು ನಾರನ್ನು ಬೇರೆ ಮಾಡುತ್ತದೆ. ನಾರು ಹಗ್ಗಕ್ಕೆ, ಚಾಪೆಗೆ, ಹಾಸಿಗೆಗೆ ಹೋದರೆ, ನಾರುಗಳ ನಡುವೆ ತುಂಬಿಕೊಂಡಿದ್ದ ಕಂದು ಪುಡಿ ಅಲ್ಲೇ ರಾಶಿ ಬೀಳುತ್ತದೆ. ಮಟ್ಟೆಯ ತೂಕದಲ್ಲಿ ನಾರಿಗಿಂತ ಈ ಪುಡಿಯ ಪಾಲೇ ಹೆಚ್ಚು. ಬಹಳ ಕಾಲ ಇದು ಕಾರ್ಖಾನೆಗಳಿಗೆ ತಲೆನೋವಾಗಿತ್ತು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಈ ಪುಡಿಯಲ್ಲಿ ತುಂಬಾ ಇರುವುದರಿಂದ ಅದು ಬೇಗ ಕೊಳೆಯುವುದಿಲ್ಲ. ಮಳೆ ಬಂದರೆ ರಾಶಿಯಿಂದ ಕಂದು ಬಣ್ಣದ ಒಗರು ನೀರು ಹರಿದು ಸುತ್ತಲಿನ ನೀರನ್ನು ಕೆಡಿಸುತ್ತದೆ. ಕಾಯರ್ ಬೋರ್ಡ್ ಈ ಪುಡಿಯನ್ನು ಅಣಬೆ ಜಾತಿಯ ಶಿಲೀಂಧ್ರದಿಂದ ಗೊಬ್ಬರವಾಗಿಸುವ ವಿಧಾನ ರೂಪಿಸಿತು. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಸೂಕ್ಷ್ಮಜೀವಿಗಳಿಂದ ಹುದುಗಿಸಿದ ‘ಅರ್ಕಾ’ ಕೋಕೋಪೀಟನ್ನು ಹೊರತಂದಿತು. ಕಾರ್ಖಾನೆಯ ಕಸವಾಗಿದ್ದ ಪುಡಿ ಈಗ ತಾನೇ ಒಂದು ಸರಕು.

ಬೇಗ ಕೊಳೆಯದ ಆ ಗುಣವೇ ಸಸಿಗೆ ಅನುಕೂಲ. ಪುಡಿ ಕುಸಿದು ಗಟ್ಟಿಯಾಗುವುದಿಲ್ಲ, ಕಣಗಳ ನಡುವೆ ಸಂದು ಉಳಿಯುತ್ತದೆ. ಎಳೆಯ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು, ಏಕೆಂದರೆ ಬೇರೂ ಉಸಿರಾಡುತ್ತದೆ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದರ ವೇಗ ಸುಮಾರು 10,000 ಪಟ್ಟು ಕಡಿಮೆ. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಕೋಕೋಪೀಟ್ ತನ್ನ ಒಣ ತೂಕದ ಏಳೆಂಟು ಪಟ್ಟು ನೀರು ಹಿಡಿದಿಡಬಲ್ಲದು. ಮೇಲ್ಪದರ ಒಣಗಿ ತಿಳಿ ಕಂದಾಗಿ ಕಂಡರೂ ಒಳಗೆ ತೇವ ಹಾಗೇ ಇರುತ್ತದೆ. ಬಣ್ಣ ನೋಡಿ ನೀರು ಹಾಕುವವರು ಮೋಸ ಹೋಗುವುದು ಇಲ್ಲೇ. ಟ್ರೇಯನ್ನು ಕೈಯಲ್ಲಿ ಎತ್ತಿ ನೋಡುವುದು ಒಳ್ಳೆಯ ಅಭ್ಯಾಸ. ಹಗುರ ಎನಿಸಿದರೆ ನೀರು, ಭಾರವಿದ್ದರೆ ನಾಳೆ ನೋಡಿದರಾಯಿತು. ಬುಡದಲ್ಲೇ ಮುರಿದು ಬೀಳುವ ಸಸಿಗಳ ಕಾರಣವೂ ಬಹುಪಾಲು ಅತಿ ತೇವವೇ. ನಿಂತ ತೇವದಲ್ಲಿ ಪಿಥಿಯಂ ಮುಂತಾದ ರೋಗಾಣುಗಳು ಕಾಂಡದ ಬುಡವನ್ನು ಕೊಳೆಸುತ್ತವೆ.

ಇನ್ನು ಹಳದಿ ಎಲೆಯ ವಿಷಯ. ಇದು ಸ್ವಲ್ಪ ತಾಳ್ಮೆಯಿಂದ ಅರ್ಥ ಮಾಡಿಕೊಳ್ಳಬೇಕಾದ ಭಾಗ. ನಾರಿನ ಪುಡಿಯ ಕಣಗಳ ಮೇಲೆ ಪೋಷಕಾಂಶಗಳು ಅಂಟಿ ಕೂರುವ ಜಾಗಗಳಿವೆ. ಅವನ್ನು ಬಿಎಂಟಿಸಿ ಬಸ್ಸಿನ ಸೀಟುಗಳೆಂದುಕೊಳ್ಳಿ. ಬಸ್ಸು ಡಿಪೋದಿಂದ ಹೊರಡುವಾಗಲೇ ಸೀಟುಗಳಲ್ಲಿ ಪೊಟ್ಯಾಶಿಯಂ ಮತ್ತು ಸೋಡಿಯಂ ಕೂತಿರುತ್ತವೆ, ಏಕೆಂದರೆ ತೆಂಗಿನ ಮಟ್ಟೆಯಲ್ಲಿ ಇವೆರಡೂ ಸ್ವಭಾವತಃ ಹೆಚ್ಚು. ಕರಾವಳಿಯ ಮಟ್ಟೆಯಾದರೆ, ಅದರಲ್ಲೂ ಉಪ್ಪು ನೀರಿನಲ್ಲಿ ನೆನೆಸಿದ್ದಾದರೆ, ಸೋಡಿಯಂ ಇನ್ನೂ ಹೆಚ್ಚು. ಈಗ ನೀವು ಕ್ಯಾಲ್ಸಿಯಂ, ಮೆಗ್ನೀಶಿಯಂ ಇರುವ ಗೊಬ್ಬರ ಹಾಕಿದಿರಿ ಎನ್ನಿ. ಕ್ಯಾಲ್ಸಿಯಂ ಹತ್ತಿದ ಕೂಡಲೇ ಕೂತವರನ್ನು ಎಬ್ಬಿಸಿ ಆ ಜಾಗ ಹಿಡಿಯುತ್ತದೆ. ಸಸಿಗೆ ಸಿಗಬೇಕಿದ್ದ ಕ್ಯಾಲ್ಸಿಯಂ ಪುಡಿಗೆ ಅಂಟಿತು, ಎದ್ದು ನಿಂತ ಸೋಡಿಯಂ, ಪೊಟ್ಯಾಶಿಯಂ ನೀರಿಗೆ ಬಂದವು. ನೀರಿನಲ್ಲಿ ಉಪ್ಪಿನಂಶ ಹೆಚ್ಚಿದಷ್ಟೂ ಬೇರಿಗೆ ನೀರೆಳೆಯುವುದು ಕಷ್ಟ. ಪೊಟ್ಯಾಶಿಯಂ ಅತಿಯಾದರೆ ಮೆಗ್ನೀಶಿಯಂ ಹೀರುವುದಕ್ಕೂ ಅಡ್ಡಿ. ಜೊತೆಗೆ, ಹುದುಗಿಸದ ಹಸಿ ಪುಡಿಯಲ್ಲಿ ಇಂಗಾಲ ಸಾರಜನಕದ ನೂರು ಪಟ್ಟಿಗೂ ಹೆಚ್ಚು. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಸಸಿಯ ಪಾಲಿನಿಂದಲೇ ಎತ್ತಿಕೊಳ್ಳುತ್ತವೆ. ಗೊಬ್ಬರ ಹಾಕಿದರೂ ಸಸಿ ಉಪವಾಸ ಬೀಳುವುದು ಹೀಗೆ.

ಹೀಗಾಗಿಯೇ ಒಳ್ಳೆಯ ತಯಾರಕರು ಪುಡಿಯನ್ನು ಸಿಹಿನೀರಿನಲ್ಲಿ ತೊಳೆದು, ಆಮೇಲೆ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಸೀಟುಗಳನ್ನು ಮೊದಲೇ ಕ್ಯಾಲ್ಸಿಯಂನಿಂದ ತುಂಬಿಸಿ ಮಾರುತ್ತಾರೆ. ತೊಳೆಯದ ಅಗ್ಗದ ಇಟ್ಟಿಗೆಯಾದರೆ ಆ ಕೆಲಸ ನಾವೇ ಮಾಡಬೇಕು.

ಇಲ್ಲಿ ನೀರಿನ ಮಾತು ಬರುತ್ತದೆ, ನಮ್ಮ ಭಾಗದ ಮಟ್ಟಿಗೆ ನನಗೆ ಅತಿ ಮುಖ್ಯ ಎನಿಸುವುದು ಇದೇ. ಬೆಂಗಳೂರಿನ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಗಡಸು ಅಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಹೆಚ್ಚು ಇವೆ ಎಂದರ್ಥ. ಬಕೆಟ್ಟಿಗೆ ಬಿಳಿ ಪಟ್ಟೆ ಕಟ್ಟುವ ಈ ನೀರು ಕೋಕೋಪೀಟ್‌ಗೆ ಒಂದು ಲೆಕ್ಕದಲ್ಲಿ ಒಳ್ಳೆಯದೇ, ಬೇಕಾದ ಕ್ಯಾಲ್ಸಿಯಂ ಅದರಲ್ಲೇ ಬರುತ್ತದೆ. ಆದರೆ ಅಪಾರ್ಟ್‌ಮೆಂಟ್‌ಗಳಲ್ಲೂ ಅನೇಕ ಮನೆಗಳಲ್ಲೂ ಈಗ ವಾಟರ್ ಸಾಫ್ಟ್‌ನರ್ ಇದೆ. ಅದು ಮಾಡುವ ಕೆಲಸವೇ ನೀರಿನ ಕ್ಯಾಲ್ಸಿಯಂ, ಮೆಗ್ನೀಶಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುವುದು. ಆಗಾಗ ಅದಕ್ಕೆ ಉಪ್ಪು ಸುರಿಯುವುದು ಅದಕ್ಕೇ. ಬಟ್ಟೆ ಒಗೆಯಲು, ಗೀಸರ್ ಉಳಿಸಲು ಆ ನೀರು ಸರಿ. ಸಸಿಗೆ ಅದನ್ನು ಹಾಕುವುದೆಂದರೆ ತೊಳೆದು ಕಳೆದ ಸೋಡಿಯಂ ಅನ್ನು ದಿನಾ ಮತ್ತೆ ತುಂಬಿದಂತೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಲವಣ ಇನ್ನಷ್ಟು ಸಾಂದ್ರವಾಗಿರುತ್ತದೆ. ನೆಲ ಒರೆಸಲು ಆಗಬಹುದು, ಎಳೆ ಸಸಿಗೆ ಬೇಡ. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನಲ್ಲಿಯ ನೀರು ಅಥವಾ ಹಿಡಿದಿಟ್ಟ ಮಳೆನೀರು ಉತ್ತಮ. ಮಳೆನೀರಿನಲ್ಲಿ ಕ್ಯಾಲ್ಸಿಯಂ ಇರುವುದಿಲ್ಲವಾದ್ದರಿಂದ ಪುಡಿಗೆ ಎರೆಗೊಬ್ಬರ ಬೆರೆಸಿರಬೇಕು, ಅಷ್ಟೇ.

ತೊಳೆಯುವ ಕ್ರಮ ಸರಳ. 650 ಗ್ರಾಂ ಇಟ್ಟಿಗೆಯನ್ನು ದೊಡ್ಡ ಬಕೆಟ್ಟಿನಲ್ಲಿ ನೆನೆಹಾಕಿದರೆ ಎಂಟು ಲೀಟರ್‌ನಷ್ಟು ಪುಡಿಯಾಗಿ ಅರಳುತ್ತದೆ. ಹಳೆಯ ಬಟ್ಟೆಯಲ್ಲಿ ಹಾಕಿ ಹಿಂಡಿ, ಮತ್ತೆ ನೀರು ಹಾಕಿ ಹಿಂಡಬೇಕು. ಕುಡಿಯುವ ನೀರು ಪರೀಕ್ಷಿಸಲೆಂದು ತಂದಿಟ್ಟ ಟಿಡಿಎಸ್ ಮೀಟರ್ ಮನೆಯಲ್ಲಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಾಕಿದ ನೀರಿನ ಅಂಕೆಗೂ ಹಿಂಡಿ ಬಂದ ನೀರಿನ ಅಂಕೆಗೂ ಹೆಚ್ಚು ಅಂತರ ಉಳಿಯದಿದ್ದಾಗ ತೊಳೆದದ್ದು ಸಾಕು. ಆಮೇಲೆ ಲೀಟರಿಗೆ ಎರಡು ಗ್ರಾಂನಂತೆ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮತ್ತೊಮ್ಮೆ ತೊಳೆಯಬಹುದು. ಇಷ್ಟು ನೀರು ಖರ್ಚಾಗುತ್ತದಲ್ಲ ಎಂಬ ಅಳುಕು ನ್ಯಾಯವಾದದ್ದು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ ₹5,000 ದಂಡ ಎಂದು ಆದೇಶ ಹೊರಡಿಸಬೇಕಾಗಿ ಬಂದದ್ದನ್ನು ಈ ಊರು ಮರೆತಿಲ್ಲ. ತೊಳೆದ ಮೊದಲ ನೀರನ್ನು ಚರಂಡಿಗೆ ಬಿಡದೆ ತೆಂಗಿನ ಮರದ ಬುಡಕ್ಕೆ ಹಾಕಿ. ತೆಂಗು ಉಪ್ಪನ್ನು ತಾಳಿಕೊಳ್ಳುವ ಮರ, ಪೊಟ್ಯಾಶಿಯಂ ಅದಕ್ಕೆ ಬೇಕಾದದ್ದೇ.

ಬಿತ್ತನೆಗೆ ಹೆಸರಘಟ್ಟದ ಸಂಸ್ಥೆ ರೈತರಿಗೆ ಕಲಿಸುವ ಪ್ರೋಟ್ರೇ ಪದ್ಧತಿ ತಾರಸಿಗೂ ಹೊಂದುತ್ತದೆ. ಪ್ರೋಟ್ರೇ ಅಂದರೆ ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ರೈತರು ಬಳಸುವುದರಲ್ಲಿ 98 ಗುಳಿ. ಎರಡು ಪಾಲು ತೊಳೆದ ಕೋಕೋಪೀಟ್‌ಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ ತುಂಬಿ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟೇ ತೇವವಿರಲಿ. ಅರ್ಧ ಸೆಂಟಿಮೀಟರ್ ಆಳದಲ್ಲಿ ಗುಳಿಗೊಂದು ಬೀಜ ಇಟ್ಟು ತೆಳ್ಳಗೆ ಮುಚ್ಚಿ, ಟ್ರೇ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ನೆರಳಲ್ಲಿಡಿ. ಮೊಳಕೆ ತಲೆಯೆತ್ತಿದ ದಿನವೇ ಹಾಳೆ ತೆಗೆದು ಬೆಳಕಿಗೆ ತರಬೇಕು. ಒಂದೆರಡು ದಿನ ತಡವಾದರೂ ಸಸಿ ಬೆಳಕು ಹುಡುಕುತ್ತಾ ಉದ್ದವಾಗಿ ಎಳೆದುಕೊಂಡು ಸಣಕಲಾಗುತ್ತದೆ, ಆಮೇಲೆ ಅದನ್ನು ಸರಿಪಡಿಸುವುದು ಕಷ್ಟ. ಟೊಮೆಟೊ ಒಂದು ವಾರದೊಳಗೆ ಏಳುತ್ತದೆ. ಮೆಣಸಿನಕಾಯಿ ನಿಧಾನ, ಹತ್ತು–ಹನ್ನೆರಡು ದಿನ ಬೇಕು.

ಮೊದಲು ಬರುವ ಎರಡು ದಪ್ಪ ಎಲೆಗಳು ನಿಜವಾದ ಎಲೆಗಳಲ್ಲ, ಬೀಜದಳಗಳು. ಬೀಜವೇ ಕಟ್ಟಿಕೊಂಡು ಬಂದ ಬುತ್ತಿ ಮುಗಿಯುವವರೆಗೆ ಸಸಿ ಯಾವ ಗೊಬ್ಬರವನ್ನೂ ಕೇಳುವುದಿಲ್ಲ. ಗಿಡದ ರೂಪದ ಎಲೆ ಕಂಡ ಮೇಲೆ ಮಾತ್ರ 19:19:19ನಂಥ ಕರಗುವ ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂನಂತೆ ವಾರಕ್ಕೊಮ್ಮೆ, ಇಲ್ಲವೇ ಚೆನ್ನಾಗಿ ತೆಳುವಾಗಿಸಿದ ಎರೆಜಲವನ್ನು ಕೊಡಬಹುದು. ಆಗಲೂ ಹಳದಿ ಕಂಡರೆ ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆ ಎಲೆ ಪೂರ್ತಿ ಮಂಕಾಗಿದ್ದರೆ ಸಾರಜನಕ ಸಾಲದು. ಹಳೆ ಎಲೆಯಲ್ಲಿ ನರಗಳು ಹಸಿರಾಗಿ ನಡುವೆ ಹಳದಿಯಾದರೆ ಮೆಗ್ನೀಶಿಯಂ ಕೊರತೆ. ತುದಿಯ ಹೊಸ ಎಲೆ ಮುರುಟಿದ್ದರೆ ಕ್ಯಾಲ್ಸಿಯಂ ಕೊರತೆ ಇರಬಹುದು, ರಸ ಹೀರುವ ಕೀಟವೂ ಇರಬಹುದು. ಎಲೆಯ ಅಡಿಭಾಗ ತಿರುಗಿಸಿ ನೋಡದೆ ತೀರ್ಮಾನಿಸಬೇಡಿ.

ಟೊಮೆಟೊ ಸಸಿಯನ್ನು ಮೂರು–ನಾಲ್ಕು ವಾರಕ್ಕೆ, ಮೆಣಸಿನ ಸಸಿಯನ್ನು ಐದಾರು ವಾರಕ್ಕೆ ಕುಂಡಕ್ಕೆ ಬದಲಾಯಿಸಬಹುದು. ಅದಕ್ಕೆ ಮುಂಚೆ ಒಂದು ವಾರ ಬಿಸಿಲನ್ನು ದಿನದಿನಕ್ಕೆ ಹೆಚ್ಚಿಸುತ್ತಾ ಹೋಗಿ. ಬೀನ್ಸ್, ಬೆಂಡೆ, ಮೆಂತ್ಯ, ದಂಟಿಗೆ ಈ ಶ್ರಮವೇ ಬೇಡ, ನೇರ ಕುಂಡಕ್ಕೆ ಬಿತ್ತಿದರಾಯಿತು.

ಕುಂಡವನ್ನೂ ಬರೀ ಕೋಕೋಪೀಟ್‌ನಿಂದ ತುಂಬಬೇಕೇ? ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ ಅದು ಬೇಡ. ಬರೀ ಪುಡಿಯಲ್ಲಿ ಗಿಡ ಬೆಳೆಸುವುದು ಎಂದರೆ ಪ್ರತಿ ಪೋಷಕಾಂಶವನ್ನೂ ನೀರಿನಲ್ಲಿ ಅಳೆದು ಕೊಡುವ ಹೊಣೆ ಹೊತ್ತಂತೆ. ಕೆಂಪು ಮಣ್ಣು, ಗೊಬ್ಬರ, ಕೋಕೋಪೀಟ್ ಸಮಪಾಲು ಬೆರೆಸಿದರೆ ನಮ್ಮ ಸಣ್ಣಪುಟ್ಟ ತಪ್ಪುಗಳನ್ನು ಮಣ್ಣು ಸಹಿಸಿಕೊಳ್ಳುತ್ತದೆ. ಇನ್ನೊಂದು ಮಾತನ್ನು ಮಾರಾಟಗಾರರಿಗೆ ಹೇಳಬೇಕು. ರಫ್ತಾಗುವ ಕೋಕೋಪೀಟ್‌ಗೆ ಕಡಿಮೆ ಲವಣದ್ದು, ಹೆಚ್ಚು ಲವಣದ್ದು ಎಂಬ ವಿಂಗಡಣೆ ಇದೆ, ಕೊಳ್ಳುವವರು ಅದನ್ನು ನೋಡಿಯೇ ಕೊಳ್ಳುತ್ತಾರೆ. ತುಮಕೂರು, ಹಾಸನದ ಮಟ್ಟೆಯಿಂದಲೇ ಆದ ಪುಡಿಯನ್ನು ಬೆಂಗಳೂರಿನಲ್ಲಿ ಕೊಳ್ಳುವ ನಮಗೂ ಪೊಟ್ಟಣದ ಮೇಲೆ ತೂಕ, ಬೆಲೆಗಳ ಜೊತೆ ಲವಣಾಂಶದ ಆ ಒಂದು ಅಂಕೆ ಅಚ್ಚಾಗಿ ಸಿಗಬೇಕು. ಅದು ಬರುವ ತನಕ ನರ್ಸರಿಯಲ್ಲಿ ಇದು ತೊಳೆದ ಪುಡಿಯೋ ಅಲ್ಲವೋ ಎಂದು ಕೇಳಿ. ಉತ್ತರ ಸಿಗದಿದ್ದರೆ ತೊಳೆಯದ್ದೆಂದೇ ಭಾವಿಸಿ, ಮನೆಗೆ ತಂದು ಬಕೆಟ್ಟಿಗೆ ಹಾಕಿ.