ಯಾರ ಕಡೆಯೂ ಇಲ್ಲ ಎನ್ನುವವರು ಯಾರ ಕಡೆ?



ಗಂಡ ಹೆಂಡತಿ ಬೇರೆಯಾದಾಗ ಒಡೆಯುವುದು ಒಂದು ಮನೆ ಮಾತ್ರವಲ್ಲ. ನಂಟರು, ನೆರೆಯವರು, ಗೆಳೆಯರು ಎಲ್ಲರೂ ಎರಡಾಗುತ್ತಾರೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಇದನ್ನು ನಾವೆಲ್ಲ ಕಂಡವರೇ. ತಾಂಡವಪುರದ ಕಾರ್ಖಾನೆಗಳಲ್ಲಿ ಗಂಡನ ಜೊತೆ ದುಡಿಯುವವರು ಅವನ ಮಾತನ್ನೇ ನಂಬುತ್ತಾರೆ. ನಾಮಕರಣಕ್ಕೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ಬೀಗರು ಲೆಕ್ಕ ಹಾಕುತ್ತಾರೆ. ನಮ್ಮ ಸ್ವಸಹಾಯ ಸಂಘಗಳ ಪಾಡಂತೂ ಇನ್ನೂ ಕಷ್ಟ. ಬಿಟ್ಟು ಬಂದವಳೂ ಅವಳ ನಾದಿನಿಯೂ ಒಂದೇ ಸಂಘದಲ್ಲಿ ಉಳಿತಾಯ ಕಟ್ಟುತ್ತಿರುತ್ತಾರೆ. ಹಾಗಾಗಿ, "ಅದು ಅವರ ಮನೆ ವಿಷಯ, ಸಂಘ ಯಾರ ಕಡೆಯೂ ಇಲ್ಲ" ಎಂಬ ಮಾತು ಬಹು ಬೇಗ ಬಂದುಬಿಡುತ್ತದೆ. ಈ ಮಾತನ್ನು ನಾವು ಪರೀಕ್ಷಿಸಬೇಕಾಗಿದೆ.

ಎಲ್ಲ ಅಗಲಿಕೆಯೂ ದೌರ್ಜನ್ಯದಿಂದಲೇ ಆಗುವುದಿಲ್ಲ. ಇಬ್ಬರಿಗೂ ಹೊಂದಿಕೆಯಾಗದೆ, ಹೊಡೆತ ಬೆದರಿಕೆಗಳಿಲ್ಲದೆ, ಕೊಡುವುದನ್ನು ಕೊಟ್ಟು ಬೇರೆಯಾದರೆ ನಂಟರು ಪಕ್ಷ ಕಟ್ಟುವ ಅಗತ್ಯವಿಲ್ಲ. ಇಬ್ಬರೊಡನೆಯೂ ಮಾತು ಉಳಿಸಿಕೊಳ್ಳಬಹುದು. ಮಕ್ಕಳಿಗಂತೂ ಅದೇ ಒಳ್ಳೆಯದು. ಆದರೆ ವರದಕ್ಷಿಣೆಗಾಗಿ ಪೀಡಿಸಿ, ಬಡಿದು, ಉಟ್ಟ ಸೀರೆಯಲ್ಲಿ ಹೊರಗೆ ಅಟ್ಟಿದ ಕಡೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆ? ಮನೆ, ಒಡವೆ, ಊರಿನ ಬಾಯಿ ಎಲ್ಲವೂ ಒಬ್ಬನ ಬಳಿ ಇವೆ. ಇನ್ನೊಬ್ಬಳ ಬಳಿ ಒಂದು ಕೈಚೀಲವಿದೆ. ನಾವು ಸುಮ್ಮನಿದ್ದರೆ ಇದ್ದದ್ದು ಇದ್ದ ಹಾಗೆಯೇ ಉಳಿಯುತ್ತದೆ. ಅದರ ಲಾಭ ಯಾರಿಗೆ ಎಂದು ಹೇಳಬೇಕಾಗಿಲ್ಲ.

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಈಗಲೂ ಪಂಚಾಯ್ತಿ ಕಟ್ಟೆಯಲ್ಲಿ ಹೇಳುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೇರೆಯದನ್ನೇ ಹೇಳಿತು. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಇಡೀ ದೇಶದಲ್ಲಿ ಹಿಂಸೆಗೆ ಒಳಗಾದ ಹೆಂಗಸರ ಪೈಕಿ ಸಹಾಯ ಕೇಳಿದವರು ನೂರಕ್ಕೆ 14 ಮಾತ್ರ. ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಸಹಾಯ ಕೇಳಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ. ಹೇಳಿದರೆ ನಂಬುವವರು ಇಲ್ಲವೆಂದು ಗೊತ್ತಿದ್ದವಳು ಬಾಯಿ ಬಿಡುವುದಾದರೂ ಹೇಗೆ?

ಸಹಾಯ ಕೇಳುವವರು ಹೆಚ್ಚಾಗಿ ಮೊದಲು ಹೋಗುವುದು ತವರಿಗೆ. ಆ ತವರು ಎಷ್ಟೋ ಸಲ ಮಗಳನ್ನು ಬಿಟ್ಟು ಅಳಿಯನ ಕಡೆ ವಾಲುತ್ತದೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ನಂಬಿಕೆ ಒಂದು ಕಾರಣ. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಸುಪ್ರೀಂ ಕೋರ್ಟು 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅಕ್ಕ ಇಲ್ಲೇ ಉಳಿದರೆ ಪಾಲು ಕೇಳಿಯಾಳು ಎಂಬ ಅಂಜಿಕೆ ತಮ್ಮಂದಿರಿಗೆ. ಹೊಂದಿಕೊಂಡು ಹೋಗು ಎನ್ನುವ ಬುದ್ಧಿವಾದದ ಹಿಂದೆ ಅರ್ಧ ಎಕರೆ ಗದ್ದೆ ಅಡಗಿರುವುದನ್ನು ನಾನು ಕಂಡಿದ್ದೇನೆ.

ನೊಂದವಳ ಪರ ನಿಂತರೆ ನಮ್ಮ ಮೇಲೆಯೇ ಬರುತ್ತಾರೆ ಎಂಬ ಭಯವೂ ಇದೆ. ಈ ಭಯ ಸುಳ್ಳಲ್ಲ. ಆದ್ದರಿಂದಲೇ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಎರಡು ಕಲಮುಗಳನ್ನು ಪ್ರತಿ ಸಂಘವೂ ತಿಳಿದಿರಬೇಕು. 4ನೆಯ ಕಲಮಿನ ಪ್ರಕಾರ ನೆರೆಯವರೂ ಸೇರಿ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು. ಸದುದ್ದೇಶದಿಂದ ತಿಳಿಸಿದವರನ್ನು ಹೊಣೆ ಮಾಡುವಂತಿಲ್ಲ. 18ನೆಯ ಕಲಮಿನಡಿ ನೊಂದವಳಿಗೆ ಸಹಾಯ ಮಾಡಿದವರ ಮೇಲೂ ಹಿಂಸೆ ನಡೆಸಕೂಡದೆಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಆ ಆಜ್ಞೆ ಮೀರಿದವನಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದರೆ ಪಕ್ಕದಲ್ಲಿ ನಿಂತವಳಿಗೂ ಕಾನೂನಿನ ಆಸರೆಯಿದೆ.

ಹಾಗಾದರೆ ಸಂಘ ಮಾಡಬೇಕಾದದ್ದೇನು? ಊರು ಬಿಟ್ಟಳೆಂದು ಅವಳ ಹೆಸರನ್ನು ಹೊಡೆದುಹಾಕಬೇಡಿ. ಅವಳ ಉಳಿತಾಯದ ಪುಸ್ತಕ ಅತ್ತೆ ಮನೆಯಲ್ಲಿ ಸಿಕ್ಕಿಕೊಂಡಿದ್ದರೆ ಸಂಘದ ಲೆಕ್ಕ ನೋಡಿ ಅವಳ ಕೈಗೆ ಹೊಸ ಬರಹ ಕೊಡಿ. ಅವಳ ಹೆಸರಿನಲ್ಲಿ ಸಾಲ ಎತ್ತಿಸಿ ಹಣ ಬಳಸಿಕೊಂಡವರು ಯಾರೆಂದು ನಿಮಗೆ ಗೊತ್ತು. ಕಂತಿಗಾಗಿ ಅವಳೊಬ್ಬಳನ್ನೇ ಬೆನ್ನಟ್ಟದೆ ಕಾಲಾವಕಾಶ ಕೊಡಿ. ಏಟು ತಿಂದು ಬಂದ ದಿನ, ನೀವು ಕಣ್ಣಾರೆ ಕಂಡ ಗಾಯ, ಇವನ್ನು ಅವಳ ಒಪ್ಪಿಗೆ ಪಡೆದು ತಾರೀಖಿನೊಡನೆ ಬರೆದಿಡಿ. ಮುಂದೆ ಸಾಕ್ಷಿ ಹೇಳುವಾಗ ನೆನಪಿಗೆ ಆಧಾರವಾಗುತ್ತದೆ. ಒಬ್ಬಳು ಕೋರ್ಟಿಗೆ ಹೋಗುವ ದಿನ ಇಬ್ಬರಾದರೂ ಜೊತೆಯಲ್ಲಿ ಬಸ್ಸು ಹತ್ತಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಸ್ತ್ರೀಧನವನ್ನು ಹಿಂದಿರುಗಿಸುವಂತೆ ಇದೇ ಕಾಯಿದೆಯಡಿ ಆಜ್ಞೆ ಪಡೆಯಬಹುದು. ತುರ್ತಿನಲ್ಲಿ 181ಕ್ಕೆ ಫೋನು ಮಾಡಬಹುದು.

ಇನ್ನೊಂದು ಎಚ್ಚರಿಕೆಯ ಮಾತು. ಪರ ನಿಲ್ಲುವುದೆಂದರೆ ಕುರುಡಾಗಿ ಹಗೆ ಸಾಧಿಸುವುದಲ್ಲ. ಸಿಟ್ಟಿನಲ್ಲಿ ದೂರದ ಮೈದುನ, ಮದುವೆಯಾಗಿ ಹೋದ ನಾದಿನಿ ಎಲ್ಲರ ಹೆಸರನ್ನೂ ದೂರಿನಲ್ಲಿ ಬರೆಸುವ ವಕೀಲರಿದ್ದಾರೆ. ಯಾರು ಏನು ಮಾಡಿದರೆಂದು ಹೇಳದೆ ಗಂಡನ ನಂಟರನ್ನೆಲ್ಲ ಎಳೆಯಬಾರದೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲೂ ಹೇಳಿದೆ. ಇದರಿಂದ ನಿಜವಾದ ದೂರು ಬಲ ಕಳೆದುಕೊಳ್ಳುತ್ತದೆ. ಅಷ್ಟೇ ಅಲ್ಲ, ಆ ಮನೆಯಲ್ಲಿ ಸತ್ಯ ನುಡಿಯಬಹುದಾಗಿದ್ದ ಒಬ್ಬಳೂ ನಮ್ಮ ಕೈತಪ್ಪುತ್ತಾಳೆ. ಹೊಡೆತವನ್ನು ಕಂಡವಳು ಎಷ್ಟೋ ಸಲ ಆ ನಾದಿನಿಯೇ ಆಗಿರುತ್ತಾಳೆ. ಅವಳನ್ನು ಸಂಘದಿಂದ ದೂಡಬೇಡಿ. ಅಣ್ಣನ ವಿರುದ್ಧ ಬಾಯಿ ಬಿಡುವುದು ಅವಳಿಗೆ ಎಷ್ಟು ಕಷ್ಟವೆಂದು ತಿಳಿದು, ಒಬ್ಬಳನ್ನೇ ಕೂರಿಸಿಕೊಂಡು ಮಾತನಾಡಿ.

1989ರಲ್ಲಿ ಮಹಿಳಾ ಸಮಖ್ಯಾ ನಮ್ಮ ಜಿಲ್ಲೆಗೆ ಬಂದಾಗ ಹೆಂಗಸರು ಸಂಘ ಕಟ್ಟಿದ್ದು ಸಾಲಕ್ಕಾಗಿ ಅಲ್ಲ, ಕೂತು ತಮ್ಮ ಕಷ್ಟ ಮಾತನಾಡುವುದಕ್ಕೆ. ಇಂದು ಸಂಘಗಳು ಬೆಳೆದಿವೆ, ಬ್ಯಾಂಕಿನವರು ನಮ್ಮನ್ನು ಕರೆದು ಕೂರಿಸುತ್ತಾರೆ. ಒಬ್ಬಳ ಕಂತಿಗೆ ಹತ್ತು ಮಂದಿ ಹೊಣೆಯಾಗಲು ಒಪ್ಪುವ ನಾವು ಅವಳ ಜೀವಕ್ಕೆ ಹೊಣೆಯಾಗಲು ಹಿಂಜರಿಯಬೇಕೆ? ಮುಂದಿನ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಈ ಪ್ರಶ್ನೆಯನ್ನು ಎತ್ತಿ. ಸದಸ್ಯೆಯೊಬ್ಬಳು ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದರೆ ಮೊದಲು ಹೋಗುವವರು ಯಾರು, ಆ ರಾತ್ರಿ ಅವಳು ಯಾರ ಮನೆಯಲ್ಲಿ ಉಳಿಯಬೇಕು ಎಂಬುದನ್ನು ಹೆಸರು ಹಿಡಿದು ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.