ಹಿಡಿಯುವವನ ಬೆಲೆ

ಚಕ್ರವ್ಯೂಹದ ಕಥೆಯನ್ನು ಕೇಳಿ ಅಭಿಮನ್ಯುವಿಗಾಗಿ ಕಣ್ಣೀರಿಡದವರಿಲ್ಲ. ಅಂದು ವ್ಯೂಹದ ಬಾಗಿಲಲ್ಲಿ ನಿಂತು ಭೀಮಾದಿ ನಾಲ್ವರನ್ನೂ ಒಬ್ಬನೇ ತಡೆದ ಸೈಂಧವನ ಸಾಮರ್ಥ್ಯವನ್ನು ಮಾತ್ರ ಯಾರೂ ಕೊಂಡಾಡಿದ್ದಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದವೆನ್ನಿ. ಆದರೂ ಒಳನುಗ್ಗುವವನಿಗೆ ಸಲ್ಲುವ ಕೀರ್ತಿ ತಡೆಯುವವನಿಗೆ ಸಲ್ಲುವುದಿಲ್ಲವೆಂಬುದು ಲೋಕದ ಹಳೆಯ ವಾಡಿಕೆ. ಕಬಡ್ಡಿಯ ಅಂಕಣದಲ್ಲಿಯೂ ಅದೇ ನಡೆದುಬಂದಿದೆ.

ಸೀತಾನದಿಯ ಬದಿಯ ಕೊಕ್ಕರ್ಣೆಯಾಗಲಿ, ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಬೇರೆ ಯಾವ ಊರೇ ಆಗಲಿ, ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಹೊನಲು ಬೆಳಕಿನ ಪಂದ್ಯಾಟಗಳ ಕಾಲ ಬಂತೆಂದೇ ಅರ್ಥ. ಅಲ್ಲಿ ಕೊನೆಗೆ ‘ಉತ್ತಮ ದಾಳಿಗಾರ’, ‘ಉತ್ತಮ ಹಿಡಿತಗಾರ’ ಎಂದು ಇಬ್ಬರನ್ನೂ ಕರೆದು ಬಹುಮಾನ ಕೊಡುವ ಪದ್ಧತಿಯುಂಟು. ಅಂಕಗಳ ಲೆಕ್ಕದಲ್ಲಿ ಈ ಔದಾರ್ಯ ಕಾಣುವುದಿಲ್ಲ. ದಾಳಿಗಾರನು ಒಂದೇ ಉಸಿರಿನಲ್ಲಿ ಮೂರು ನಾಲ್ಕು ಅಂಕಗಳನ್ನು ತಂದಾನು. ಹಿಡಿತಕ್ಕೆ ಸಿಗುವುದು ಒಂದೇ ಅಂಕ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಮೆಯೋ ಉಳಿದಿರುವಾಗ ಹಿಡಿದರೆ ಎರಡು. ನಾಲ್ವರು ಮೇಲೆ ಬಿದ್ದು ಹಿಡಿದರೂ ಆ ಅಂಕ ಬರೆಯಲ್ಪಡುವುದು ಒಬ್ಬನ ಹೆಸರಿಗೆ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗಿನವರು ಇದನ್ನು ಅರಿತೇ ದಾಳಿಗಾರನ ಸಾಧನೆಗೆ ಹತ್ತು ಅಂಕಗಳ ಗಡಿಯನ್ನೂ ಹಿಡಿತಗಾರನಿಗೆ ಐದರ ಗಡಿಯನ್ನೂ ಗೊತ್ತುಮಾಡಿದ್ದಾರೆ.

ಪ್ರೇಕ್ಷಕನು ಕಾಣದ್ದನ್ನು ಹರಾಜು ಕಂಡಿತೆಂಬುದನ್ನು ಒಪ್ಪಬೇಕು. 2016ರ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಪಡೆದವನು ದಾಳಿಗಾರನಲ್ಲ, ಮೂಲೆಯ ಹಿಡಿತಗಾರ ಮೋಹಿತ್ ಛಿಲ್ಲರ್. ಅವನಿಗೆ 53 ಲಕ್ಷ ರೂಪಾಯಿ ತೆತ್ತದ್ದು ನಮ್ಮ ಬೆಂಗಳೂರಿನ ತಂಡವೇ. 2018ರಲ್ಲಿ ಇರಾನಿನ ಫಜಲ್ ಅತ್ರಾಚಲಿಗೆ ಒಂದು ಕೋಟಿ ಸಂದಿತು. 2023ರಲ್ಲಿ ಅದೇ ದೇಶದ ಮೊಹಮ್ಮದ್ ರೆಜಾ ಶಾದ್ಲೂಯಿಗೆ 2.35 ಕೋಟಿ ದೊರೆತಾಗ, ಆ ವರ್ಷದ ಅತ್ಯಂತ ದುಬಾರಿ ದಾಳಿಗಾರ ಪವನ್ ಸೆಹ್ರಾವತ್‌ಗೂ ಅವನಿಗೂ ಇದ್ದ ಅಂತರ ಕಾಲು ಕೋಟಿಯಷ್ಟೇ.

ಆದರೆ ಹರಾಜಿನ ಕೂಗಿಗೆ ಆಯುಷ್ಯ ಕಡಮೆ. ಲೀಗಿನಲ್ಲಿ 1,800ಕ್ಕೂ ಹೆಚ್ಚು ದಾಳಿ ಅಂಕಗಳನ್ನು ಗಳಿಸಿದ ಪರ್ದೀಪ್ ನರ್ವಾಲ್‌ನನ್ನು 2025ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಅವನು ಅಲ್ಲಿಗೇ ನಿವೃತ್ತಿ ಘೋಷಿಸಿದನು. ಅಂತಹ ದಾಳಿಗಾರನ ಗತಿಯೇ ಹೀಗಾದರೆ, ಓಡುವವನ ಕಾಲಿಗೆ ತಲೆಗೊಟ್ಟು ಎರಗುವ, ಬೀಳುವವನ ಭಾರವನ್ನೆಲ್ಲ ಹೆಗಲಮೇಲೂ ಮಂಡಿಯ ಮೇಲೂ ಹೊರುವ ಮೂಲೆಯ ಹುಡುಗನ ಗತಿಯೇನು?

ಎದುರಾಳಿಯನ್ನು ತಡೆದು ಕೆಡಹುವ ಈ ಕಸುಬು ಅಮೆರಿಕದ ಫುಟ್‌ಬಾಲಿನಲ್ಲಿಯೂ ಉಂಟು. 1985ರ ಋತುವಿನಲ್ಲಿ ಪ್ರಶಸ್ತಿ ಗೆದ್ದ ಷಿಕಾಗೋ ತಂಡದ ರಕ್ಷಣೆಯ ಆಟಗಾರ ಡೇವ್ ಡ್ಯೂಅರ್ಸನ್ 2011ರಲ್ಲಿ ತೀರಿಕೊಳ್ಳುವ ಮುನ್ನ, ತನ್ನ ಮಿದುಳನ್ನು ಪರೀಕ್ಷೆಗೆ ಒಪ್ಪಿಸಬೇಕೆಂದು ಬರೆದಿಟ್ಟನು. ಪೆಟ್ಟಿನ ಮೇಲೆ ಪೆಟ್ಟು ತಿಂದು ಬರುವ ರೋಗ ಅದರಲ್ಲಿ ಕಂಡುಬಂತು. ಮಾಜಿ ಆಟಗಾರರು ಸಾವಿರಗಟ್ಟಲೆ ನ್ಯಾಯಾಲಯಕ್ಕೆ ಹೋಗಿ, ಲೀಗು ನೂರು ಕೋಟಿ ಡಾಲರಿನಷ್ಟು ಪರಿಹಾರಕ್ಕೆ ಒಪ್ಪಬೇಕಾಯಿತು. ಕಬಡ್ಡಿಯಲ್ಲಿ ತಲೆಗೆ ಅಷ್ಟು ಪೆಟ್ಟಿಲ್ಲ, ನಿಜ. ಮೈಗಾದ ನಷ್ಟದ ಲೆಕ್ಕ ಆಟ ಮುಗಿದ ಮೇಲೆ ಬರುತ್ತದೆಂಬುದು ಮಾತ್ರ ಎರಡೂ ಕಡೆ ಒಂದೇ. ಅಲ್ಲಿ 1956ರಿಂದಲೇ ಆಟಗಾರರ ಸಂಘವೊಂದು ನಿಂತಿದೆ.

ನಮ್ಮ ಕರಾವಳಿಯಲ್ಲಿ ಆ ಸಂಘದ ಕೆಲಸವನ್ನು ಒಂದು ಬಗೆಯಲ್ಲಿ ಬ್ಯಾಂಕುಗಳು ಮಾಡುತ್ತಿದ್ದವೆಂದು ನನ್ನ ಎಣಿಕೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಕಬಡ್ಡಿ ತಂಡವನ್ನು ಅರಿಯದ ಆಟಪ್ರಿಯರು ಇಲ್ಲಿ ವಿರಳ. ಚೆನ್ನಾಗಿ ಹಿಡಿಯುವ ಹುಡುಗನಿಗೆ ಬ್ಯಾಂಕಿನ ಕೆಲಸ ಸಿಕ್ಕಿತೆಂದರೆ, ಮಂಡಿ ಕೈಕೊಟ್ಟ ಮೇಲೂ ಮೇಜು ಕುರ್ಚಿ ಇದ್ದವು, ತಿಂಗಳ ಸಂಬಳವಿತ್ತು. ವಿಜಯಾ ಬ್ಯಾಂಕು 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯಿತು. ಮರುವರ್ಷ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳೂ ಹೆಸರಳಿದವು. ಆಗ ಠೇವಣಿದಾರರ, ನೌಕರರ ಚಿಂತೆಯನ್ನು ಎಲ್ಲರೂ ಮಾಡಿದರು. ಅಂಕಣದ ಮೂಲೆಯಲ್ಲಿ ನಿಂತವನ ಮಾತನ್ನು ಎತ್ತಿದವರು ಕಡಮೆ. ಹರಾಜು ಒಂದೆರಡು ಋತುಗಳ ಹಣವನ್ನು ಒಟ್ಟಿಗೆ ಕೊಡುತ್ತದೆ, ಅದೂ ಬೆರಳೆಣಿಕೆಯ ಜನಕ್ಕೆ. ಬ್ಯಾಂಕು ಕೊಡುತ್ತಿದ್ದುದು ಮೂವತ್ತು ವರ್ಷಗಳ ಬಾಳನ್ನು. ಒಂದು ಇನ್ನೊಂದರ ಸ್ಥಾನವನ್ನು ತುಂಬಿತೆಂದು ನಂಬುವುದು ಸರಿಯಲ್ಲ. ಪಂದ್ಯಾಟಗಳಿಗೆ ಊರೂರಲ್ಲಿ ದೇಣಿಗೆ ಎತ್ತುವ ನಮ್ಮ ಸಂಘಗಳು ಆಡುವವರ ಹೆಸರಿನಲ್ಲಿ ಅಪಘಾತ ವಿಮೆಯನ್ನಾದರೂ ಮಾಡಿಸಬಹುದು. ಮೈದಾನದ ದೀಪಗಳ ಖರ್ಚಿನ ಮುಂದೆ ಅದು ದೊಡ್ಡ ಬಾಬತ್ತಲ್ಲ.

ಹೆಣ್ಣುಮಕ್ಕಳ ಸಂಗತಿ ಇನ್ನೂ ಬಿಕ್ಕಟ್ಟಿನದು. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯಾ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡಗಳಲ್ಲಿ ಆಡಿ, ಅರ್ಜುನ ಪ್ರಶಸ್ತಿ ಪಡೆದವರು. ಅವರಿಗೆ ಆಸರೆಯಾದದ್ದು ರೈಲ್ವೆಯ ನೌಕರಿ. ಪ್ರೊ ಕಬಡ್ಡಿಯವರು 2016ರಲ್ಲಿ ಮೂರು ತಂಡಗಳನ್ನು ಕಟ್ಟಿ ಮಹಿಳೆಯರ ಪಂದ್ಯಗಳನ್ನು ನಡೆಸಿದರು. ಮಮತಾ ಒಂದು ತಂಡಕ್ಕೆ ನಾಯಕಿ, ಬೆಂಗಳೂರಿನ ತೇಜಸ್ವಿನಿ ಬಾಯಿ ಇನ್ನೊಂದಕ್ಕೆ. ಅಂತಿಮ ಪಂದ್ಯ ಒಂದೇ ಅಂಕದಲ್ಲಿ ತೀರ್ಮಾನವಾಯಿತು. ಅಷ್ಟು ರಸವತ್ತಾಗಿ ನಡೆದ ಆ ಪ್ರಯೋಗವನ್ನು ಅವರು ಮುಂದುವರಿಸಲಿಲ್ಲ. ಹೀಗಾಗಿ ಕೊಕ್ಕರ್ಣೆಯ ಕಡೆಯ ಹುಡುಗಿಯೊಬ್ಬಳು ಎಡಮೂಲೆಯಲ್ಲಿ ಎಷ್ಟೇ ಗಟ್ಟಿಯಾಗಿ ನಿಂತರೂ, ಅವಳ ತಂದೆತಾಯಿಗಳು ಕೇಳುವುದು ಹರಾಜಿನ ಸುದ್ದಿಯನ್ನಲ್ಲ. ರೈಲ್ವೆಯವರು, ಪೊಲೀಸ್ ಇಲಾಖೆಯವರು ಈ ವರ್ಷ ಆಟಗಾರ್ತಿಯರಿಗೆ ಎಷ್ಟು ಹುದ್ದೆ ಕರೆದಿದ್ದಾರೆ ಎಂಬುದನ್ನು.